ಲಾಬಿಯ ಪರಿಮಳ ಮತ್ತು ಹನುಮಂತನ ಸಂಬಳ

ಮೊನ್ನೆ ಅಬುಧಾಬಿಯ ಖಾಲಿದಿಯಾದಲ್ಲಿ ಗೆಳತಿಯೊಬ್ಬಳ ಹೊಸ ಫ್ಲ್ಯಾಟಿನ ಗಣಹೋಮಕ್ಕೆ ಹೋಗಿದ್ದೆ. ದುಬೈಯಿಂದ ಬೆಳಿಗ್ಗೆಯೇ ಹೊರಟಿದ್ದೆವು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ತುಪ್ಪ, ಅರಳು, ಬೆಲ್ಲ ಸುಡುವ ವಾಸನೆ ಮೂಗಿಗೆ ಬಡಿಯಿತು. ಯಾರಿಗಾದರೂ ಹಸಿವಾಗುವ ವಾಸನೆ ಅದು. ನನಗೆ ಸಿಟ್ಟು ಬಂತು. ಒಳಗೆ ಹೋದವಳು ದೇವರಿಗೆ ಕೈ ಮುಗಿಯುವ ಮೊದಲು ತಲೆ ಎತ್ತಿ ಸೀಲಿಂಗ್ ನೋಡಿದೆ. ನಾನು ಅಂದುಕೊಂಡದ್ದು ಅಲ್ಲಿತ್ತು. ಸ್ಮೋಕ್ ಡಿಟೆಕ್ಟರಿಗೆ ಯಾರೋ ಹೋಟೆಲಿನ ಶವರ್ ಕ್ಯಾಪ್ ತೊಡಿಸಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು.

"ಇದನ್ನ ಯಾರು ತೆಗೆಯೋದು?" ಎಂದು ಕೇಳಿದೆ.

"ವಾಚ್‌ಮನ್ ಬಂದು ತೆಗೀತಾನೆ ಮಾರಾಯ್ತಿ. ನೀನು ಬಂದವಳೇ ಎಂತ ಇನ್‌ಸ್ಪೆಕ್ಷನ್ ಮಾಡೋದು? ಕೂತ್ಕೋ," ಎಂದು ಗೆಳತಿ ನಕ್ಕಳು.

ಕೂತೆ. ಊಟವನ್ನೂ ಮಾಡಿದೆ. ಆದರೆ ಒಂದು ತುತ್ತೂ ರುಚಿಸಲಿಲ್ಲ. ಕಣ್ಣ ಮುಂದೆ 2015ರ ಆ ಬೇಸಿಗೆ ಬಂದು ಕೂತಿತ್ತು.

ಆಗ ನಾವು ದುಬೈಯ ರಾಸ್ ಅಲ್ ಖೋರ್‌ನಿಂದ ಸ್ವಲ್ಪ ಒಳಗೆ, ಗಾಳಿ ಎದ್ದರೆ ರಸ್ತೆಯೆಲ್ಲ ಮರಳಾಗುತ್ತಿದ್ದ ಒಂದು ಹೊಸ ಬಡಾವಣೆಯಲ್ಲಿ ಇದ್ದೆವು. ನಮ್ಮವರಿಗೆ ರಾಸ್ ಅಲ್ ಖೋರ್‌ನಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ, ನನಗೆ ಶಾಲೆಯಲ್ಲಿ ಟೀಚರ್ ಕೆಲಸ. ಇಬ್ಬರ ಉಳಿತಾಯವನ್ನೂ ಸುರಿದು ಕೊಂಡ ಫ್ಲ್ಯಾಟು. ಕಟ್ಟಡದ ಮಾಲೀಕರೆಲ್ಲ ಸೇರಿ ಐದು ಜನರ ಸಮಿತಿಯೊಂದನ್ನು ಆರಿಸಿದ್ದರು. ವರ್ಷಕ್ಕೊಮ್ಮೆ ಬಜೆಟ್ ಮಾಡುವುದು, ಲಿಫ್ಟು, ನೀರು, ಕಸ, ಕಾವಲು ಇವುಗಳಲ್ಲಿ ಯಾವುದಕ್ಕೆ ಎಷ್ಟು ಎಂದು ತೀರ್ಮಾನಿಸುವುದು ಅದರ ಕೆಲಸ. ಒಂದು ಪುಟ್ಟ ಪುರಸಭೆ ಎಂದೇ ಇಟ್ಟುಕೊಳ್ಳಿ. ಪುರಸಭೆಗೆ ಇರುವ ಚಾಳಿಗಳೆಲ್ಲ ಅದಕ್ಕೂ ಇದ್ದವು. ಒಬ್ಬ ಹೆಂಗಸು ಇರಲಿ ಎಂದು ನನ್ನನ್ನು ಸೇರಿಸಿಕೊಂಡಿದ್ದರು. ಆ ಹೆಂಗಸು ಮಾತಾಡಲಿ ಎಂದೇನೂ ಅವರು ಬಯಸಿರಲಿಲ್ಲ.

ಅಧ್ಯಕ್ಷರು ಸದಾನಂದಣ್ಣ. ಉಡುಪಿ ಕಡೆಯವರು, ಎಸಿ ಕೊಳವೆ ಕೂರಿಸುವ ಸ್ವಂತ ಕಂಪನಿ ಇತ್ತು. ಇಲ್ಲಿನ ಕನ್ನಡಿಗರು ಯಾರೇ ವೇದಿಕೆ ಕಟ್ಟಲಿ, ಅದರ ಮೇಲೆ ಸದಾನಂದಣ್ಣನಿಗೊಂದು ಕುರ್ಚಿ ಇದ್ದೇ ಇರುತ್ತಿತ್ತು. ನಮ್ಮ ಮಹಡಿಯಲ್ಲೇ, ಎರಡು ಬಾಗಿಲು ಆಚೆ ಅವರ ಮನೆ. ಸಮಿತಿಯ ಮೂರನೆಯವರು ಇಸ್ಮಾಯಿಲ್ ಭಾಯ್, ಭಟ್ಕಳದ ಜವಳಿ ವ್ಯಾಪಾರಿ. ಹಿರಿಯರು, ಅಳೆದು ಮಾತಾಡುವವರು. ಉಳಿದಿಬ್ಬರಲ್ಲಿ ಒಬ್ಬರು ದೆಹಲಿಯವರು, ಇನ್ನೊಬ್ಬರು ಲೆಬನಾನಿನವರು. ಇಬ್ಬರೂ ಫ್ಲ್ಯಾಟುಗಳನ್ನು ಬಾಡಿಗೆಗೆ ಕೊಟ್ಟು ಬೇರೆ ಕಡೆ ವಾಸವಿದ್ದವರು. ವಾರ್ಷಿಕ ಶುಲ್ಕ ಕಡಿಮೆಯಾಗುತ್ತದೆ ಎಂದರೆ ಯಾವುದಕ್ಕಾದರೂ ಕೈ ಎತ್ತುತ್ತಿದ್ದರು.

ಇನ್ನು ಹನುಮಂತ. ಬಾಗಲಕೋಟೆ ಕಡೆಯವನು, ನಮ್ಮ ಕಟ್ಟಡದ ಸೆಕ್ಯೂರಿಟಿ. ಸಮಿತಿ ದುಡ್ಡು ಕೊಡುವುದು ಸೆಕ್ಯೂರಿಟಿ ಕಂಪನಿಗೆ, ಕಂಪನಿ ಸಂಬಳ ಕೊಡುವುದು ಹನುಮಂತನಿಗೆ. ನಾವು ಮೇಲೆ ಒಂದು ದಿರ್ಹಮ್ ಕತ್ತರಿಸಿದರೆ ಅದು ನೇರ ಅವನ ತಟ್ಟೆಯಿಂದಲೇ ಹೋಗುತ್ತಿತ್ತು. ಅವನು ಬೆಂಕಿ ಆರಿಸುವ ತರಬೇತಿ ಮುಗಿಸಿದ್ದ. ಅದಕ್ಕೆಂದು ಪ್ರತಿ ತಿಂಗಳು ಒಂದು ಚಿಕ್ಕ ಭತ್ಯೆ ಸಿಗುತ್ತಿತ್ತು. ನಮ್ಮವರು ಶುಕ್ರವಾರ ಮೀನು ಮಾರ್ಕೆಟಿಗೆ ಹೋದರೆ ಅದಕ್ಕಿಂತ ಹೆಚ್ಚು ಖರ್ಚು ಮಾಡಿ ಬರುತ್ತಿದ್ದರು.

ನಮ್ಮ ಕಟ್ಟಡದಲ್ಲಿ ಒಂದು ರೂಢಿ ಬೆಳೆದಿತ್ತು. ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಹೋಮ, ಏನೇ ಇದ್ದರೂ ಮೊದಲ ಫೋನು ಭಟ್ಟರಿಗೆ, ಎರಡನೆಯದು ಹನುಮಂತನಿಗೆ. ಅವನು ಏಣಿ ಹೊತ್ತು ಮೇಲೆ ಬಂದು ಡಿಟೆಕ್ಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟುತ್ತಿದ್ದ. ಇಲ್ಲದಿದ್ದರೆ ಪೂರ್ಣಾಹುತಿಯ ಹೊತ್ತಿಗೆ ಇಡೀ ಕಟ್ಟಡ ಕಿರುಚಿಕೊಳ್ಳುತ್ತಿತ್ತು. ನಿಯಮದ ಪ್ರಕಾರ ಇದು ತಪ್ಪೇ. ಆದರೆ ಹನುಮಂತ ಕವರ್ ಕಟ್ಟಿ ಹೋಗಿಬಿಡುತ್ತಿರಲಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಹೋಮ ಮುಗಿಯುವವರೆಗೆ ಬಾಗಿಲಲ್ಲೇ ನಿಂತು, ಕವರ್ ಬಿಚ್ಚಿಕೊಂಡೇ ಕೆಳಗಿಳಿಯುತ್ತಿದ್ದ. ಆ ಹೊತ್ತಿಗೆ ಕೆಳಗಿನ ಮೇಜಿನ ಬಳಿ ಅವನ ಜೊತೆಗಾರ ಇರುತ್ತಿದ್ದ. ಇಬ್ಬರಿದ್ದರು, ಆದ್ದರಿಂದ ನಡೆಯುತ್ತಿತ್ತು.

ಬೇಸಿಗೆ ಏರುವ ಹೊತ್ತಿಗೆ ಬಜೆಟ್ ಸಭೆ ಬಂತು. ಲಾಬಿಯ ಹಿಂದಿನ ಕೋಣೆಯಲ್ಲಿ ಐವರೂ ಕೂತೆವು. ಸಭೆ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಆದರೆ ನನ್ನ ಬಾಯಿ ಮುಚ್ಚಿಸಬೇಕಾದಾಗ ಮಾತ್ರ ಸದಾನಂದಣ್ಣ ಕನ್ನಡಕ್ಕೆ ಇಳಿಯುತ್ತಿದ್ದರು.

"ಸೆಕ್ಯೂರಿಟಿಗೆ ಇಷ್ಟು ದುಡ್ಡು ಯಾಕೆ ಮಾರಾಯ್ರೆ? ಇದೇನು ಕಳ್ಳರ ಊರಾ? ಪರ್ಸು ಕಾರಿನ ಮೇಲೆ ಮರೆತು ಹೋದ್ರೂ ಸಂಜೆ ಅಲ್ಲೇ ಇರ್ತದೆ. ಒಂದು ಹೊತ್ತಿಗೆ ಒಬ್ಬ ಸಾಕು."

"ಕಳ್ಳರಿಗೋಸ್ಕರ ಅಲ್ಲ ಸದಾನಂದಣ್ಣ. ಬೆಂಕಿ ಬಿದ್ರೆ? ಲಿಫ್ಟಲ್ಲಿ ಯಾರಾದ್ರೂ ಸಿಕ್ಕಿಹಾಕಿಕೊಂಡ್ರೆ? ಒಬ್ಬ ಮೇಲೆ ಹೋದ್ರೆ ಕೆಳಗೆ ಇನ್ನೊಬ್ಬ ಬೇಡವಾ?"

"ಬೆಂಕಿಗೆ ಅಲಾರಂ ಉಂಟಲ್ಲ ಟೀಚರ್. ಅದಕ್ಕೆ ಸಂಬಳ ಕೊಡ್ಲಿಕ್ಕಿಲ್ಲ, ನಿದ್ದೆಯೂ ಬರುದಿಲ್ಲ."

ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು, ಎಲ್ಲರೂ ನಕ್ಕರು. ಎರಡು ಕಾವಲು ಒಂದಾಯಿತು. ಬೆಂಕಿ ತರಬೇತಿಯ ಭತ್ಯೆಯೂ ಹೋಯಿತು. ಉಳಿದ ದುಡ್ಡಿನಲ್ಲಿ ಶುಲ್ಕವನ್ನು ಒಂದಿಷ್ಟು ಇಳಿಸಿ, ಮಿಕ್ಕಿದ್ದರಲ್ಲಿ ಲಾಬಿಗೆ ಒಂದು ಪರಿಮಳದ ಯಂತ್ರ ತರುವುದೆಂದಾಯಿತು. ಗೋಡೆಗೆ ಕೂರಿಸಿದರೆ ದಿನವಿಡೀ ಊದಿನ ಪರಿಮಳ ಬಿಡುವ ಯಂತ್ರ. ಬಾಡಿಗೆದಾರರು ಒಳಗೆ ಕಾಲಿಡುತ್ತಲೇ ಮರುಳಾಗಬೇಕಂತೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನಾಲ್ಕು ಕೈ ಮೇಲೆದ್ದವು, ಇಸ್ಮಾಯಿಲ್ ಭಾಯ್ ಅವರದೂ ಸೇರಿ. ವಿರೋಧಿಸಿದವಳು ನಾನೊಬ್ಬಳೇ.

ಮಾರನೆಯ ದಿನ ಶಾಲೆಯಿಂದ ಬಂದು ಹನುಮಂತನಿಗೆ ವಿಷಯ ತಿಳಿಸಲು ಹೋದೆ. ಅವನಿಗೆ ಆಗಲೇ ಗೊತ್ತಾಗಿತ್ತು.

"ಇರ್ಲಿ ಬಿಡ್ರಿ ಟೀಚರ್ ಅಕ್ಕಾರ. ಈ ವರ್ಷ ಒಂದ್ ಕಳದ್ರ ಸಾಕ್ರಿ ನನಗ. ಅಬುಧಾಬಿ ಕಡೆ ಮುಸಫ್ಫಾದಾಗ ಒಂದ್ ಕಂಪನಿಯವರು ಫೈರ್ ವಾಚ್ ಕೆಲಸಾ ಕೊಡ್ತೀವಿ ಅಂದಾರ. ವೆಲ್ಡಿಂಗ್ ನಡಿಯೋ ಜಾಗಾದಾಗ ಬೆಂಕಿ ಬೀಳಧಂಗ ಕಾಯೂ ಕೆಲಸಾರಿ. ಪಗಾರ ಇದರ ದುಪ್ಪಟ್ಟ ಐತಿ. ಇಲ್ಲಿಂದ ಒಂದ್ ಛಲೋ ಮಾತು ಬರದು ಕೊಟ್ಟು ಬಿಟ್ರಂದ್ರ ಆತು, ಹೊಂಟ್ ಬಿಡ್ತೀನಿ."

ಆ ಒಂದು ಒಳ್ಳೆಯ ಮಾತಿಗಾಗಿ ಅವನು ಆ ಬೇಸಿಗೆಯನ್ನೆಲ್ಲ ನುಂಗಿಕೊಂಡ. ಇಲ್ಲಿನ ಆಗಸ್ಟ್ ಕಂಡವರಿಗೆ ಗೊತ್ತು. ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಮಂಜು ಕವಿಯುತ್ತದೆ, ನಲ್ಲಿಯಲ್ಲಿ ತಣ್ಣೀರು ಎಂಬುದೇ ಬರುವುದಿಲ್ಲ. ಹನ್ನೆರಡು ಗಂಟೆಯ ಪಾಳಿಯಲ್ಲಿ ಒಬ್ಬನೇ. ಪಾರ್ಕಿಂಗಿನ ಜಗಳಕ್ಕೂ ಅವನೇ, ಲಿಫ್ಟಿಗೂ ಅವನೇ, ಕಸದ ಕೋಣೆಗೂ ಅವನೇ. ಮೂತ್ರಕ್ಕೆ ಹೋಗಬೇಕಾದರೂ ಯಾರನ್ನಾದರೂ ಬೇಡಿಕೊಳ್ಳಬೇಕು. ಅವನು ಊಟ ಮಾಡಿ ಬರುವವರೆಗೆ ಕೆಲವು ದಿನ ನಾನೇ ಆ ಮೇಜಿನ ಹಿಂದೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆಯ ಮೇಲೆ ಆ ಯಂತ್ರ ಬುಸ್ಸೆಂದು ಪರಿಮಳ ಉಗುಳುತ್ತಿತ್ತು. ಒಂದು ದಿನ ಸದಾನಂದಣ್ಣ ನೋಡಿದರು.

"ಟೀಚರ್, ಮೆಂಬರ್ ಆದವರು ಇಲ್ಲಿ ಕೂತ್ರೆ ಬಿಲ್ಡಿಂಗಿನ ಮರ್ಯಾದೆ ಎಂತ ಆಗ್ಬೇಕು?"

"ನಿಮ್ಮ ಬಿಲ್ಡಿಂಗಿನ ಮರ್ಯಾದೆ ಊಟಕ್ಕೆ ಹೋಗಿದೆ. ಈಗ ಬರ್ತದೆ," ಎಂದೆ.

ಸೆಪ್ಟೆಂಬರಿನಲ್ಲಿ ಚೌತಿ ಬಂತು. ನಮ್ಮ ಗಣಪತಿಗೆ ಪಂಚಾಂಗವೊಂದೇ ಸಾಲದು, ರಜೆಯೂ ಬೇಕು. ಚೌತಿ ಯಾವ ವಾರವೇ ಬರಲಿ, ಗಡದ್ದಾಗಿ ನಡೆಯುವುದು ಮುಂದಿನ ಶುಕ್ರವಾರವೇ. ಸದಾನಂದಣ್ಣ ಆ ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಗಣಹೋಮ ಇಟ್ಟುಕೊಂಡಿದ್ದರು. ಸಂಜೆ ಕನ್ನಡಿಗರ ಗಣೇಶೋತ್ಸವದಲ್ಲಿ ಅವರಿಗೆ ಸನ್ಮಾನವಿತ್ತು. ಮನೆಯ ಹಾಲಿನಲ್ಲಿ ಥರ್ಮಾಕೋಲ್ ಕೊರೆದು ಮಾಡಿದ ಆಳೆತ್ತರದ ಮಂಟಪ, ಅದರ ತುಂಬ ಬಣ್ಣದ ಕಾಗದ, ಮುಂದೆ ದೀಪ. ನಾನೂ ಪ್ರಸಾದಕ್ಕೆ ಹೋಗಿದ್ದೆ. ಊರಿನಿಂದ ಬಂದಿದ್ದ ಅವರ ತಾಯಿ ಕಮಲಮ್ಮ ಸೋಫಾದಲ್ಲಿ ಕೂತು ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ನನ್ನ ಅತ್ತೆಯ ಮಂಡಿನೋವಿಗೆ ಯಾವ ಎಣ್ಣೆ ಹಚ್ಚಬೇಕೆಂದು ಹೋದ ಸಲ ತಾವು ಹೇಳಿದ್ದನ್ನು ಅವರೇ ನೆನಪಿಸಿ, ಹಚ್ಚಿದಿರಾ ಎಂದು ಕೇಳಿದರು.

ಕವರಿನ ವಿಷಯದಲ್ಲಿ ಅಲ್ಲಿ ನಡೆದದ್ದನ್ನು ಆಮೇಲೆ ಹನುಮಂತ ಹೇಳಿದ. ಹೋಮಕ್ಕೆ ಮೊದಲು ಸದಾನಂದಣ್ಣನ ಫೋನು ಬಂದಾಗ ಅವನು, "ಸಾಹೇಬ್ರ, ನಾ ಒಬ್ಬಾಂವ ಅದೀನ್ರಿ, ಡೆಸ್ಕ್ ಬಿಟ್ ಬರಾಕ ಆಗೂದಿಲ್ರಿ," ಎಂದನಂತೆ. ಬೈಗುಳ ತಿಂದು ಮೇಲೆ ಹೋಗಿ ಕವರ್ ಕಟ್ಟಿ, ನಿಲ್ಲಲಾಗದೆ ಕೆಳಗೆ ಓಡಿದನಂತೆ. ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಕವರ್ ಬಿಚ್ಚಲು ಏಣಿ ಹೊತ್ತು ಮತ್ತೆ ಬಂದಿದ್ದಾನೆ. ಸದಾನಂದಣ್ಣ ತಡೆದರಂತೆ. "ಸಂಜೆ ಮಂಗಳಾರತಿಗೆ ಪುನಃ ಕರ್ಪೂರ ಉರಿಸ್ಲಿಕ್ಕುಂಟು. ಈಗ ತೆಗೆದು ಪುನಃ ಕಟ್ಟುದು ಯಾಕೆ? ಇರ್ಲಿ ಅದು. ಯಾವಾಗ ತೆಗೀಬೇಕು ಅಂತ ನಾನೇ ಹೇಳ್ತೇನೆ. ನೀನು ಕೆಳಗೆ ಹೋಗು, ಡೆಸ್ಕಲ್ಲಿ ಯಾರೂ ಇಲ್ಲ."

ಡೆಸ್ಕಲ್ಲಿ ಯಾರೂ ಇಲ್ಲವಂತೆ! ಯಾರೂ ಇಲ್ಲದ ಹಾಗೆ ಮಾಡಿದವರು ಯಾರು?

ಸಂಜೆ ಮಂಗಳಾರತಿ ಆಯಿತು. ಕವರಿನ ಮಾತು ಮರೆತು ಗಂಡ, ಹೆಂಡತಿ, ಮಕ್ಕಳು ಸನ್ಮಾನಕ್ಕೆ ಹೊರಟುಹೋದರು. ಕಮಲಮ್ಮ ಕಾಲುನೋವೆಂದು ಮನೆಯಲ್ಲೇ ಉಳಿದು ಒಳಕೋಣೆಯಲ್ಲಿ ಮಲಗಿದ್ದರು. ದೀಪ ಉರಿಯುತ್ತಲೇ ಇತ್ತು.

ಮೊದಲು ಹೊಗೆಯ ವಾಸನೆ ಬಂದಾಗ ನಾನು ಚಹಾಕ್ಕೆ ನೀರಿಟ್ಟಿದ್ದೆ. ಇನ್ನೊಂದು ಮನೆಯಲ್ಲಿ ಹೋಮವೇನೋ ಎಂದುಕೊಂಡೆ. ಎದುರು ಮನೆಯಾಕೆ ಬಾಗಿಲು ತೆಗೆದು, "ಇವತ್ತು ಎಷ್ಟು ಹೋಮ ಮಾರಾಯ್ರೆ, ಕಣ್ಣು ಉರೀತದೆ," ಎಂದು ನಕ್ಕು ಒಳಗೆ ಹೋದರು. ಬೇರೆ ಯಾವ ದೇಶದ ಜನರಾದರೂ ಹೊಗೆ ಕಂಡ ಕೂಡಲೇ ಓಡುತ್ತಿದ್ದರು. ನಾವು ಮಾತ್ರ ಮೂಗೆಳೆದು, ತುಪ್ಪದ ವಾಸನೆ ಬರುತ್ತದೆಯೋ ನೋಡುತ್ತಾ ನಿಂತೆವು. ತುಪ್ಪದ್ದಲ್ಲ, ಪ್ಲಾಸ್ಟಿಕ್ ಸುಡುವ ವಾಸನೆ ಅದೆಂದು ತಲೆಗೆ ಹೊಳೆದಾಗ ಸದಾನಂದಣ್ಣನ ಬಾಗಿಲ ಸಂದಿಯಿಂದ ಕಪ್ಪು ಹೊಗೆ ಬರುತ್ತಿತ್ತು. ಕೆಳಗೆ ಫೋನ್ ಮಾಡಿ ಕಿರುಚಿದೆ.

ಹನುಮಂತ ಮೆಟ್ಟಿಲಲ್ಲಿ ಓಡಿ ಬಂದ. "ಅಕ್ಕಾರ, ಆ ಅಲಾರಂ ಕೆಂಪ್ ಡಬ್ಬಿ ಒತ್ರಿ! ಎಲ್ಲಾರನೂ ಕೆಳಗ ಇಳಸ್ರಿ!" ಎಂದು ನನಗೆ ಹೇಳಿ, ಬಾಗಿಲು ಬಡಿಯತೊಡಗಿದ. "ಅಮ್ಮಾರ, ನಾ ಹನುಮಂತ ಅದೀನ್ರಿ! ನೆಲಕ್ಕ ಬಗ್ಗಿ ಗ್ವಾಡಿ ಹಿಡಕೊಂಡ ಬರ್ರಿ! ಚಿಲಕಾ ತಗೀರಿ!" ಆ ಮುದುಕಿ ಅವನ ದನಿ ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಗೋಡೆ ತಡವುತ್ತಾ ತೆವಳಿ ಬಂದು ಚಿಲಕ ತೆಗೆದರು. ಅಷ್ಟು ಬುದ್ಧಿ, ಅಷ್ಟು ಧೈರ್ಯ. ಅವರನ್ನು ಎತ್ತಿ ತಂದು ನನ್ನ ತೋಳಿಗೆ ಒಪ್ಪಿಸಿ ಅವನು ಸಿಲಿಂಡರ್ ಹಿಡಿದು ಮತ್ತೆ ಒಳನುಗ್ಗಿದ. ಅಗ್ನಿಶಾಮಕದವರು ಬರುವ ಹೊತ್ತಿಗೆ ಬೆಂಕಿ ಹಾಲಿನಿಂದಾಚೆ ದಾಟಿರಲಿಲ್ಲ. ಕರಗಿದ ಥರ್ಮಾಕೋಲ್ ಸುರಿದು ಅವನ ಬಲ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದಿತ್ತು. ಸದಾನಂದಣ್ಣ ಹೆಗಲ ಮೇಲಿನ ಸನ್ಮಾನದ ಶಾಲಿನಲ್ಲೇ ಓಡಿ ಬಂದರು.

ಅವತ್ತು ಅವರು ಹನುಮಂತನ ಕಾಲಿಗೆ ಬೀಳುತ್ತಾರೆ ಎಂದು ನಾನು ಎಣಿಸಿದ್ದೆ. ನಾನೆಂಥ ದಡ್ಡಿ!

ಸ್ವಲ್ಪ ದಿನಕ್ಕೆ ಸೆಕ್ಯೂರಿಟಿ ಕಂಪನಿ, ಏನಾಯಿತು, ತಪ್ಪು ಯಾರದು ಎಂದು ಸಮಿತಿ ಬರೆದುಕೊಡಲಿ ಎಂದು ಕೇಳಿತು. ಅದರ ಮೇಲೆ ಹನುಮಂತನ ಕೆಲಸ ನಿಂತಿತ್ತು, ಮುಸಫ್ಫಾದ ಕೆಲಸವೂ ನಿಂತಿತ್ತು. ಸಭೆಗೆ ಬಂದ ಸದಾನಂದಣ್ಣ ವರದಿಯನ್ನು ಬರೆದೇ ತಂದಿದ್ದರು. ಸೆಕ್ಯೂರಿಟಿಯವನು ಯಾರನ್ನೂ ಕೇಳದೆ ಡಿಟೆಕ್ಟರ್ ಮುಚ್ಚಿದ, ತೆಗೆಯಲು ಮರೆತ ಎಂದಿತ್ತು ಅದರಲ್ಲಿ. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಕೋತಿಯಾದರೂ ಮೇಕೆಯಿಂದ ತಾಯಿಯ ಪ್ರಾಣ ಉಳಿಸಿಕೊಂಡಿರಲಿಲ್ಲ.

"ಇದು ಸುಳ್ಳು," ಎಂದೆ. "ಅವನು ತೆಗೀಲಿಕ್ಕೆ ಬಂದಿದ್ದ. ಬೇಡ ಅಂದದ್ದು ನೀವು."

"ನೀವಿದ್ರಾ ಅಲ್ಲಿ? ಸಾಕ್ಷಿ ಯಾರು?"

ಆಗ ಬಾಗಿಲು ತೆರೆಯಿತು. ಕಮಲಮ್ಮ ಕೋಲೂರಿಕೊಂಡು ಒಬ್ಬರೇ ಲಿಫ್ಟಿನಲ್ಲಿ ಇಳಿದು ಬಂದಿದ್ದರು. ಸಭೆ ಇದೆಯೆಂದು ಸೊಸೆಯ ಫೋನಿನ ಮಾತಿನಲ್ಲಿ ಕೇಳಿಸಿಕೊಂಡಿದ್ದರಂತೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಾನು ಹೇಳಿ ಹೋಗ್ಲಿಕ್ಕೆ ಬಂದದ್ದು," ಎಂದರು ಮಗನಿಗೆ. "ಆ ಹುಡುಗ ಏಣಿ ತಂದಿದ್ದ. ಇರ್ಲಿ ಅಂತ ಹೇಳಿದ್ದು ನೀನೇ. ನಾನು ಸೋಫಾದಲ್ಲೇ ಕೂತಿದ್ದೆ, ಎರಡು ಕಿವಿಯಲ್ಲಿ ಕೇಳಿದ್ದೇನೆ. ನನ್ನನ್ನು ಹೊತ್ತುಕೊಂಡು ಬಂದವ ಅವ. ಅವನ ಅನ್ನಕ್ಕೆ ಕಲ್ಲು ಹಾಕ್ಬೇಡ ಮಗಾ."

ದೆಹಲಿಯವರು ಮತ್ತು ಲೆಬನಾನಿನವರು ಅಮ್ಮ ಏನೆಂದರು ಎಂದು ಕೇಳಿದರು. ಸದಾನಂದಣ್ಣ ಕಣ್ಣು ಮಿಟುಕಿಸದೆ ಇಂಗ್ಲಿಷಿನಲ್ಲಿ ಹೇಳಿದರು: ಅಮ್ಮ ಇನ್ನೂ ಹೆದರಿದ್ದಾರೆ, ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದಾರೆ.

ನಾನು ಎದ್ದು ನಿಂತೆ. ಕಮಲಮ್ಮನ ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಂದು ಆ ಇಬ್ಬರ ಮುಂದಿಟ್ಟೆ. ಸದಾನಂದಣ್ಣ ಮುಖ ಸಣ್ಣದು ಮಾಡಿಕೊಂಡು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಮನೆಯ ಮಾತು ಹೊರಗೆ ಯಾಕೆ ಅಂತ ಸುಮ್ಮನಿದ್ದೆ ಟೀಚರ್. ಅಮ್ಮನಿಗೆ ಮರೆವಿನ ಕಾಯಿಲೆ. ಆ ಹೊಗೆ ಕುಡಿದ ಮೇಲೆ ಇನ್ನೂ ಜಾಸ್ತಿ. ಇಲ್ಲದ್ದೆಲ್ಲ ಹೇಳ್ತಾರೆ." ಅದನ್ನೇ ಇಂಗ್ಲಿಷಿನಲ್ಲಿಯೂ ಹೇಳಿದರು, ದನಿ ಇನ್ನಷ್ಟು ಮೆತ್ತಗೆ ಮಾಡಿ.

ಇಂಗ್ಲಿಷಿನದು ಕಮಲಮ್ಮನಿಗೆ ತಿಳಿಯುತ್ತಿರಲಿಲ್ಲ. ಕನ್ನಡದ್ದು ಪೂರ್ತಿ ತಿಳಿಯಿತು. ಮಗನ ಮುಖವನ್ನು ತುಂಬ ಹೊತ್ತು ನೋಡಿದರು. ಕೋಲು ಊರಿಕೊಂಡು ಹೊರಗೆ ಹೋದರು.

"ಸದಾನಂದ್, ಖಲಾಸ್," ಎಂದರು ಇಸ್ಮಾಯಿಲ್ ಭಾಯ್. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಎಂತ ಮನುಷ್ಯ ನೀನು? ತಾಯಿಯನ್ನ ಹುಚ್ಚಿ ಮಾಡಿ ಗೆಲ್ತೀಯಾ? ಸೆಕ್ಯೂರಿಟಿ ಕಡಿಮೆ ಮಾಡ್ಲಿಕ್ಕೆ ನಾನೂ ಕೈ ಎತ್ತಿದ್ದೆ. ಇದಕ್ಕೆ ಎತ್ತುದಿಲ್ಲ."

ಉಳಿದಿಬ್ಬರು ಕೇಳಿದ್ದು ಒಂದೇ ಪ್ರಶ್ನೆ. ತಪ್ಪು ಮಾಲೀಕರದು ಎಂದಾದರೆ ವಿಮೆಯವರು ದುಡ್ಡು ಕೊಡುತ್ತಾರಾ? ಕೊಡಲಿಕ್ಕಿಲ್ಲ ಎಂದರು ಸದಾನಂದಣ್ಣ. ಹಾಗಾದರೆ ಸೆಕ್ಯೂರಿಟಿಯವನದೇ ತಪ್ಪು ಎಂದಾಯಿತು. ಮೂರಕ್ಕೆ ಎರಡು.

ಅದೇ ಸಭೆಯಲ್ಲಿ, ಚಹಾ ಕುಡಿದ ಮೇಲೆ, ಇನ್ನೊಂದು ತೀರ್ಮಾನವೂ ಆಯಿತು. ಇನ್ನು ಮುಂದೆ ಒಂದು ಹೊತ್ತಿಗೆ ಇಬ್ಬರು ಕಾವಲಿನವರು, ಬೆಂಕಿ ತರಬೇತಿ ಇದ್ದವರಿಗೆ ಭತ್ಯೆ, ಅದೂ ಮೊದಲಿಗಿಂತ ಜಾಸ್ತಿ. ಈ ಸಲ ಎಲ್ಲರ ಕೈಯೂ ಮೇಲೆದ್ದಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಹಾಕುವಾಗ ಊರು ಉಳಿಸಿದವನನ್ನು ಹೊರಗೆ ನಿಲ್ಲಿಸಿ ಹಾಕಿದರು.

ನಾನು ಸೆಕ್ಯೂರಿಟಿ ಕಂಪನಿಗೆ ಹೋದೆ. ಮುಸಫ್ಫಾಕ್ಕೂ ಹೋದೆ. ಸಮಿತಿ ಬರೆದುಕೊಟ್ಟ ಮೇಲೆ ಒಬ್ಬ ಟೀಚರ್ ಮಾತಿಗೆ ಏನು ಬೆಲೆ? ಕೂರಿಸಿ ನೀರು ಕೊಟ್ಟರು, ಕೇಳಿದರು, ಕಳಿಸಿದರು. ಹನುಮಂತನ ವೀಸಾ ರದ್ದಾಯಿತು. ಕೈಗೆ ಬ್ಯಾಂಡೇಜ್ ಇರುವಾಗಲೇ ವಿಮಾನ ಹತ್ತಿಸಿದರು. ಬೆಂಕಿ ಕಾಯುವ ಕೆಲಸಕ್ಕೆ ಹೊರಟವನ ಹೆಸರಿನ ಮುಂದೆ ಬೆಂಕಿಗೆ ಕಾರಣನಾದವನು ಎಂದು ಬರೆದರು. ಇನ್ನು ಅವನಿಗೆ ಈ ದೇಶದಲ್ಲಿ ಆ ಕೆಲಸ ಯಾರು ಕೊಡುತ್ತಾರೆ? ಸದಾನಂದಣ್ಣ ಮುಂದಿನ ವರ್ಷವೂ ಅವಿರೋಧವಾಗಿ ಅಧ್ಯಕ್ಷರಾದರು. ನಾನು ಸಮಿತಿ ಬಿಟ್ಟೆ.

ಆಮೇಲೊಂದು ಮಧ್ಯಾಹ್ನ ಕಮಲಮ್ಮ ನಮ್ಮ ಮನೆ ಬಾಗಿಲು ತಟ್ಟಿದರು. ಮಗ ಅವರಿಗೆ ಊರಿನ ಟಿಕೆಟ್ ಮಾಡಿದ್ದರು, ಮಾರನೆಯ ದಿನ ಹೊರಡುವವರಿದ್ದರು. ಮನೆಗೆ ಬಂದವರಿಗೆಲ್ಲ ಮಗ ಮರೆವಿನ ಕಥೆ ಹೇಳಿ ಹೇಳಿ, ಈಗ ಸೊಸೆ ಗ್ಯಾಸ್ ಒಲೆ ಮುಟ್ಟಲೂ ಬಿಡುವುದಿಲ್ಲ ಎಂದರು. "ಆ ಹುಡುಗನಿಗೆ ಒಂದು ಫೋನು ಹಾಕಿ ಕೊಡು ಮಗಳೇ," ಎಂದರು. ಹಾಕಿ ಸ್ಪೀಕರಿನಲ್ಲಿಟ್ಟೆ.

"ಹನುಮಂತಾ, ನಾನು ಕಮಲಮ್ಮ. ಕೈ ಹೇಗುಂಟು?"

"ಆರಾಮ ಐತ್ರಿ ಅಮ್ಮಾರ. ಬಟ್ಟು ಒಂದೀಟ್ ಮಡಚಾಕ ಬರೂದಿಲ್ರಿ, ಅಷ್ಟ."

"ನಾನು ಸಭೆಗೆ ಹೋಗಿ ಹೇಳಿದ್ದೆ ಮಗಾ. ನೀನು ತೆಗೀಲಿಕ್ಕೆ ಬಂದಿದ್ದಿ ಅಂತ ಎಲ್ಲರ ಎದುರು ಹೇಳಿದೆ. ನನಗೆ ಮರೆವು ಅಂತ ಹೇಳಿ ಬಿಟ್ಟರು. ನನಗೆ ಎಂತ ಮರೆವೂ ಇಲ್ಲ. ನೀನು ಬಾಗಿಲು ಬಡಿದು ಎಂತ ಹೇಳಿದ್ದಿ ಅಂತ ಬೇಕಾದ್ರೆ ಈಗ ಹೇಳ್ತೇನೆ. ನೆಲಕ್ಕೆ ಬಗ್ಗಿ ಅಂದಿ, ಗೋಡೆ ಹಿಡ್ಕೊಳ್ಳಿ ಅಂದಿ, ಚಿಲಕ ತೆಗೀರಿ ಅಂದಿ. ಹೌದಲ್ಲ?"

"ಹೌದ್ರಿ ಅಮ್ಮಾರ," ಎಂದ. "ಹೆತ್ತ ಮಗನ ಎದುರಿಗೆ ನಿಂತು ನೀವು ಖರೇ ಹೇಳೀರಿ. ನನಗ ಅಷ್ಟ ಸಾಕ್ರಿ."

ಕಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನನ್ನು ನನ್ನ ಕೈಗಿಟ್ಟರು. ಅವನಿಗೆ ಅಷ್ಟು ಸಾಕಂತೆ. ನನಗೆ ಸಾಕಾಗಲಿಲ್ಲ, ಇವತ್ತಿಗೂ ಸಾಕಾಗಿಲ್ಲ.